ಪರರ ಹಣ ಎಣಿಸುವ ಕೈ

ನಾಲ್ಕಕ್ಷರ ಕಲಿತ ಹಳ್ಳಿಯ ಹುಡುಗನಿಗೆ ಪಟ್ಟಣದಲ್ಲಿ ಮೊದಲು ದೊರೆಯುವ ಕೆಲಸಗಳಲ್ಲಿ ಪೆಟ್ರೋಲ್ ಬಂಕಿನದೂ ಒಂದು. "ಮಗ ಬಂಕಿನಲ್ಲಿದ್ದಾನೆ" ಎನ್ನಲು ಮಠಕ್ಕೆ ಬರುವ ಕೆಲವು ಹಿರಿಯರು ಸಂಕೋಚಪಡುವುದನ್ನು ನಾವು ಕಂಡಿದ್ದೇವೆ. ಸಂಕೋಚವೇಕೆ? ಆ ಕೆಲಸದ ಭಾರ ಎಷ್ಟೆಂಬುದನ್ನು ಮೊದಲು ಅರಿಯೋಣ.

ಪಾಳಿ ಆರಂಭವಾಗುವಾಗ ಪಂಪಿನ ಮೀಟರಿನ ಅಂಕಿಯನ್ನು ಬರೆದಿಡುತ್ತಾರೆ. ಮುಗಿದಾಗ ಮತ್ತೆ ನೋಡುತ್ತಾರೆ. ನಡುವೆ ಎಷ್ಟು ಲೀಟರ್ ಹೋಯಿತೋ ಅಷ್ಟರ ಬೆಲೆಗೆ ಆ ಹುಡುಗ ಲೆಕ್ಕ ಕೊಡಬೇಕು. ನೋಟು, ಚಿಲ್ಲರೆ, ಫೋನಿನಿಂದ ಬಂದ ಹಣ, ಉದ್ರಿ ಚೀಟಿ ಎಲ್ಲ ಕೂಡಿ ಆ ಮೊತ್ತಕ್ಕೆ ಸರಿಹೊಂದಬೇಕು. ಗಡಿಬಿಡಿಯಲ್ಲಿ 100ರ ಬದಲು 500ರ ನೋಟು ಕೊಟ್ಟರೆ 400 ರೂಪಾಯಿ ಕೊರತೆ. ಖೋಟಾ ನೋಟು ಬಂದರೆ ಬ್ಯಾಂಕು ಅದನ್ನು ಹಿಡಿದಿಟ್ಟುಕೊಳ್ಳುತ್ತದೆ, ಬದಲಿ ಹಣ ಕೊಡುವುದಿಲ್ಲ. 2016ರ ನವೆಂಬರ್ 8ರ ರಾತ್ರಿ 500 ಮತ್ತು 1000 ರೂಪಾಯಿಯ ನೋಟು ರದ್ದಾದಾಗ, ಬಂಕುಗಳಲ್ಲಿ ಕೆಲವು ದಿನ ಹಳೆಯ ನೋಟು ಪಡೆಯಲು ಅವಕಾಶವಿತ್ತು. ಆಗ ಜನರ ಸಾಲನ್ನೂ ಸಿಟ್ಟನ್ನೂ ಎದುರಿಸಿ ನಿಂತವರು ಈ ಹುಡುಗರೇ ಅಲ್ಲವೆ?

ಕೊರತೆಯಾದ ಹಣವನ್ನು ಸಂಬಳದಲ್ಲಿ ಹಿಡಿಯುವ ರೂಢಿ ಎಷ್ಟೋ ಕಡೆ ಇದೆ. 1936ರ ವೇತನ ಪಾವತಿ ಕಾಯ್ದೆಯೂ ಅನಂತರದ 2019ರ ವೇತನ ಸಂಹಿತೆಯೂ ಇದಕ್ಕೆ ಮಿತಿ ಹಾಕಿವೆ. ಹಣ ಹೋದದ್ದು ನೌಕರನ ನಿರ್ಲಕ್ಷ್ಯದಿಂದ ಅಥವಾ ತಪ್ಪಿನಿಂದ ಎಂದಾದರೆ ಮಾತ್ರ ಕಡಿತ. ಅದಕ್ಕೂ ಮುನ್ನ ಅವನ ಮಾತನ್ನು ಕೇಳಬೇಕು. ಹೆತ್ತವರು ಇದನ್ನು ತಿಳಿದಿರಲಿ, ಮಾಲೀಕರು ಮರೆಯದಿರಲಿ.

ಬಸವಣ್ಣನವರೂ ಪರರ ಹಣವನ್ನು ಕಾಯ್ದವರೇ. ಬಿಜ್ಜಳನ ಭಂಡಾರ ಬರಿದಾಗಿದೆಯೆಂದು ಚಾಡಿ ಹೇಳಿದಾಗ, ಎಣಿಸಿ ನೋಡಿದರೆ ಎಲ್ಲವೂ ಸರಿಯಾಗಿತ್ತೆಂದು ಪುರಾಣ ಹೇಳುತ್ತದೆ. ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಅದನ್ನು ಹಿಂದಿರುಗಿಸಿ ಬರಲು ಲಕ್ಕಮ್ಮ ಹೇಳಿದಳು. ಕೊರತೆಯನ್ನು ಎಲ್ಲರೂ ಕೇಳುತ್ತಾರೆ, ಹೆಚ್ಚಾದುದನ್ನು ಕೇಳುವವರಿಲ್ಲ. ಸಂಜೆ ಚೀಲದಲ್ಲಿ 50 ರೂಪಾಯಿ ಹೆಚ್ಚಿದ್ದರೆ ಯಾರಿಗೋ ಚಿಲ್ಲರೆ ಕಡಿಮೆ ಹೋಗಿದೆ ಎಂದೇ ಅರ್ಥ. ಅದನ್ನು ಜೇಬಿಗಿಳಿಸದೆ ಮಾಲೀಕನ ಮುಂದಿಟ್ಟು ಹೇಳುವ ಹುಡುಗನ ಕಾಯಕ ಸತ್ಯಶುದ್ಧವಾದುದು.

ನಮ್ಮ ಕರ್ತವ್ಯವೂ ಇದೆ. ಪೆಟ್ರೋಲ್ ಹಾಕಿಸುವಾಗ ಮೀಟರಿನ ಸೊನ್ನೆ ನೋಡಿಕೊಳ್ಳಿ. ಸಂದೇಹ ಬಂದರೆ 5 ಲೀಟರಿನ ಅಳತೆ ಪಾತ್ರೆಯಲ್ಲಿ ಅಳೆದು ತೋರಿಸಲು ಕೇಳಬಹುದು. ಕೇಳುವಾಗ ಮಾತು ಮೃದುವಾಗಿರಲಿ. ಹೆಚ್ಚು ಚಿಲ್ಲರೆ ಕೈಗೆ ಬಂದರೆ ಅಲ್ಲಿಯೇ ಹಿಂದಿರುಗಿಸಿ. ಅದು ಯಾರದೋ ಮನೆಯ ಮಗನ ಒಂದು ದಿನದ ದುಡಿಮೆಯಾಗಿರಬಹುದು. ಜಾತ್ರೆಗೆ ಮಗ ಊರಿಗೆ ಬಂದಾಗ ಸಂಬಳವೆಷ್ಟು ಎನ್ನುವ ಮೊದಲು, "ಲೆಕ್ಕ ಸರಿಹೋಗುತ್ತದೆಯೇನಪ್ಪಾ?" ಎಂದು ಕೇಳಿ. ಹೌದೆಂದು ತಲೆಯೆತ್ತಿ ಹೇಳಿದರೆ, ಆ ಮನೆಗೆ ಅದಕ್ಕಿಂತ ದೊಡ್ಡ ಗಳಿಕೆ ಯಾವುದು?