ಕಾಲೇಜು ವಿದ್ಯಾರ್ಥಿಗಳ ನುಡಿಚಿತ್ರಕ್ಕೂ ಒಂದು ಬಹುಮಾನ ಬೇಕು

ಕಾಲೇಜು ವಾರ್ಷಿಕೋತ್ಸವ ಬಂತೆಂದರೆ ಕವಿತೆಗೆ ಬಹುಮಾನ, ಕಥೆಗೆ ಬಹುಮಾನ, ಪ್ರಬಂಧಕ್ಕೂ ಬಹುಮಾನ. ಆದರೆ ಊರು ಸುತ್ತಿ, ನಾಲ್ಕು ಜನರನ್ನು ಕಂಡು ಮಾತಾಡಿಸಿ ಬರೆದ ನುಡಿಚಿತ್ರವನ್ನು ಗುರುತಿಸುವ ಪರಿಪಾಠ ನಮ್ಮಲ್ಲಿ ಬಹಳ ವಿರಳ. ಅಮೇರಿಕದಲ್ಲಿ ಇದಕ್ಕೆಂದೇ ಒಂದು ವ್ಯವಸ್ಥೆ ಇದೆ. ಅದರ ಬಗೆಯನ್ನು ನಮ್ಮ ಓದುಗರೂ ತಿಳಿದಿರುವುದು ಒಳ್ಳೆಯದು.

ಪತ್ರಿಕೆಗಳ ಒಡೆಯ ವಿಲಿಯಂ ರ್‍ಯಾಂಡೊಲ್ಫ್ ಹರ್ಸ್ಟ್ (1863-1951) ಹೆಸರಿನ ಪ್ರತಿಷ್ಠಾನವು 1960ರಲ್ಲಿ ಕಾಲೇಜು ವಿದ್ಯಾರ್ಥಿಗಳಿಗಾಗಿ ಪತ್ರಿಕಾ ಪ್ರಶಸ್ತಿಗಳನ್ನು ಆರಂಭಿಸಿತು. ನುಡಿಚಿತ್ರವೂ ಅದರಲ್ಲಿ ಒಂದು ವಿಭಾಗ. ಸ್ಪರ್ಧೆಗೆ ಕಳುಹಿಸುವ ಬರಹ ಮೊದಲೇ ಅಚ್ಚಾಗಿರಬೇಕು. ಅನುಭವಿ ಪತ್ರಕರ್ತರೇ ತೀರ್ಪುಗಾರರು. ಇನ್ನೊಂದು ವಿಶೇಷವೆಂದರೆ, ಗೆದ್ದ ವಿದ್ಯಾರ್ಥಿಗೆ ಸಿಕ್ಕಿದಷ್ಟೇ ಹಣ ಅವನು ಕಲಿತ ಪತ್ರಿಕೋದ್ಯಮ ವಿಭಾಗಕ್ಕೂ ಸಲ್ಲುತ್ತದೆ. ಶಿಷ್ಯನ ಗೆಲುವಿನಲ್ಲಿ ಗುರುವಿಗೂ ಪಾಲು!

ಇದೇ ಹರ್ಸ್ಟ್ ಮತ್ತು ಜೋಸೆಫ್ ಪುಲಿಟ್ಜರ್ 1890ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ಪೈಪೋಟಿಗೆ ಬಿದ್ದು ಪೀತ ಪತ್ರಿಕೋದ್ಯಮವೆಂಬ ಅಪಖ್ಯಾತಿಗೆ ಕಾರಣರಾದವರು. ಇಂದು ಸತ್ಯನಿಷ್ಠ ಬರವಣಿಗೆಗೆ ಸಲ್ಲುವ ಗೌರವಗಳು ಆ ಇಬ್ಬರ ಹೆಸರಿನಲ್ಲೇ ಇರುವುದು ಕಾಲದ ವಿನೋದ. ಪುಲಿಟ್ಜರ್ ಬಹುಮಾನದಲ್ಲಿ ನುಡಿಚಿತ್ರಕ್ಕೆ ಪ್ರತ್ಯೇಕ ಸ್ಥಾನ ದೊರೆತದ್ದು 1979ರಲ್ಲಿ. ಮೊದಲ ಬಹುಮಾನ ಪಡೆದ ಜಾನ್ ಫ್ರಾಂಕ್ಲಿನ್ ಬರೆದದ್ದು ಒಂದು ಮೆದುಳಿನ ಶಸ್ತ್ರಚಿಕಿತ್ಸೆಯ ಕುರಿತು. ರೋಗಿ ಉಳಿಯಲಿಲ್ಲ. ಸೋತ ಒಬ್ಬ ವೈದ್ಯನ ದಿನಚರಿಯನ್ನೇ ಅವರು ಓದುಗರ ಮನಮುಟ್ಟುವಂತೆ ನಿರೂಪಿಸಿದರು. ಮಂತ್ರಿಯ ಭಾಷಣವಿಲ್ಲದೆ, ದೊಡ್ಡ ಘಟನೆಯಿಲ್ಲದೆ, ಕಣ್ಣಿಟ್ಟು ನೋಡಿದ್ದರಿಂದಲೇ ಹುಟ್ಟಿದ ಬರಹವದು.

ಇಂಥ ನೋಟದ ಬೆಲೆ ಕಾಸರಗೋಡಿನವರಾದ ನಮಗೆ ಚೆನ್ನಾಗಿ ಗೊತ್ತು. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್ ಎಣ್ಮಕಜೆಯ ಮನೆಮನೆಗಳಲ್ಲಿ ಏನು ಮಾಡಿತೆಂಬುದನ್ನು ಲೋಕದ ಮುಂದಿಟ್ಟವರಲ್ಲಿ ಅದೇ ಊರಿನ ಕನ್ನಡ ಪತ್ರಕರ್ತ ಶ್ರೀ ಪಡ್ರೆಯವರೂ ಒಬ್ಬರು. 2011ರಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ದೇಶದಲ್ಲೆಲ್ಲ ತಡೆಯಿತು. ಊರಿನವರೇ ಊರನ್ನು ನೋಡಿ ಬರೆಯದಿದ್ದರೆ ದೂರದ ರಾಜಧಾನಿಗೆ ಸುದ್ದಿ ಮುಟ್ಟುವುದು ಹೇಗೆ?

ಗುಡ್ಡ ಕೊರೆದು ನೀರು ತರುವ ಸುರಂಗಗಳು, ಪಾರ್ತಿಸುಬ್ಬನ ಕುಂಬಳೆಯ ಯಕ್ಷಗಾನ, ಮಕ್ಕಳ ಸಂಖ್ಯೆ ಇಳಿಯುತ್ತಿರುವ ಕನ್ನಡ ಶಾಲೆ, ಮಲಯಾಳದಲ್ಲಿ ಬಂದ ಸರಕಾರಿ ಕಾಗದವನ್ನು ಓದಿಸಲು ನೆರೆಮನೆಗೆ ಹೋಗುವ ಅಜ್ಜಿ — ಬರೆಯಲು ವಸ್ತುವಿಗೇನೂ ಬರಗಾಲವಿಲ್ಲ. ಬರೆಯುವ ಕೈಗಳಿಗೆ ಒಂದು ಮಾತಿನ ಪ್ರೋತ್ಸಾಹ ಬೇಕು.

ಇದಕ್ಕೆ ಹರ್ಸ್ಟನ ಸಂಪತ್ತು ಬೇಕಾಗಿಲ್ಲ. ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ನಾಲ್ಕು ಪುಟ ನುಡಿಚಿತ್ರಕ್ಕೆ ಮೀಸಲಾಗಲಿ. ಹೊರಗಿನ ಪತ್ರಕರ್ತರೊಬ್ಬರು ತೀರ್ಪು ಕೊಡಲಿ. ಗೆದ್ದವರಿಗೆ ಪುಸ್ತಕ, ಅವರ ಕನ್ನಡ ವಿಭಾಗದ ಕಪಾಟಿಗೂ ಅಷ್ಟೇ ಪುಸ್ತಕ. ನಮ್ಮ ಸಂಘಸಂಸ್ಥೆಗಳು ಮನಸ್ಸು ಮಾಡಿದರೆ ಇದೇನೂ ಅಸಾಧ್ಯವಲ್ಲ.

ಹೆತ್ತವರಲ್ಲೂ ಒಂದು ವಿನಂತಿ. ಮಗಳು ಪುಸ್ತಕ ಪೆನ್ನು ಹಿಡಿದು ಸುರಂಗ ತೋಡುವವರ ಮನೆಗೆ ಹೊರಟರೆ, ‘ಪರೀಕ್ಷೆಗೆ ಓದು’ ಎಂದು ತಡೆಯಬೇಡಿ. ಅದೂ ಓದೇ. ನಮ್ಮ ಊರಿನ ಓದು.