ಗಂಗಾವತಿಯ ಕಂಠ, ನಮ್ಮ ಸೀಮೆಯ ಕನ್ನಡ

ತಾವರಗೇರಾದಿಂದ ಗಂಗಾವತಿಗೆ ಹೊರಟ ಟೆಂಪೋಗಳಲ್ಲಿ ಸಿನಿಮಾ ಹಾಡಿನ ಬದಲು ಹಾಸ್ಯದ ಕ್ಯಾಸೆಟ್ಟು ಕೇಳಿಬರುತ್ತಿದ್ದ ಕಾಲವೊಂದಿತ್ತು. ಅದರಲ್ಲಿ ವೇಷವಿಲ್ಲ, ವಾದ್ಯವಿಲ್ಲ, ಮುಖವೂ ಕಾಣದು. ಕೇಳುವುದು ಒಂದು ಕಂಠ ಮಾತ್ರ. ಅದು ಗಂಗಾವತಿ ಪ್ರಾಣೇಶರದು. ಕಿರುತೆರೆ ಅವರನ್ನು ಮನೆಮನೆಗೆ ತೋರಿಸಿತು. ವಿದೇಶದ ಕನ್ನಡ ಸಂಘಗಳೂ ಕರೆಸಿಕೊಂಡವು. ಆದರೆ ನಮ್ಮ ಜನರಿಗೆ ಅವರು ಮೊದಲು ಪರಿಚಯವಾದದ್ದು ಕಿವಿಯ ಮೂಲಕ.

ಪ್ರಾಣೇಶರು ಗುರುವೆಂದು ನೆನೆಯುವುದು ಬೀಚಿಯವರನ್ನು. ಹರಪನಹಳ್ಳಿಯಲ್ಲಿ 1913ರಲ್ಲಿ ಹುಟ್ಟಿದ ರಾಯಸಂ ಭೀಮಸೇನರಾಯರು 1980ರಲ್ಲಿ ತೀರಿಕೊಂಡರು. ಅವರ ‘ತಿಮ್ಮ’ ಮಾತ್ರ ಪುಸ್ತಕದ ಕಪಾಟಿನಲ್ಲಿ ಉಳಿದ. ಅವನನ್ನು ಓದು ಬಾರದವರ ಕಿವಿಗೂ ಮುಟ್ಟಿಸಿದವರು ಪ್ರಾಣೇಶರು. ‘ಅಭಿನವ ಬೀಚಿ’ ಎಂಬ ಹೆಸರು ಅವರಿಗೆ ಸುಮ್ಮನೆ ಬಂದದ್ದಲ್ಲ. ನಗಿಸುತ್ತ ನಗಿಸುತ್ತಲೇ ಪುಸ್ತಕ ಓದಿರೆಂದು ಹೇಳುವ ಹಾಸ್ಯಗಾರರು ವಿರಳ.

ನಗುವಾಗ ಹೃದಯ ಕೆಲಕಾಲ ಮರಗಟ್ಟಬೇಕೆಂದು ಫ್ರಾನ್ಸಿನ ತತ್ತ್ವಜ್ಞಾನಿ ಬರ್ಗ್‌ಸನ್ 1900ರಲ್ಲಿ ವಾದಿಸಿದರು. ಅದನ್ನು ನಾವು ಪಾಠವಾಗಿ ಓದಿದ್ದೆವು. ಅನುಭವವಾಗಿ ಅರಿತದ್ದು ಬೆಂಗಳೂರಿನ ವಿದ್ಯಾರ್ಥಿ ದಿನಗಳಲ್ಲಿ. ‘ಐತಿ’, ‘ಹಾಂಗ’, ‘ದವಾಖಾನಿ’ ಎಂದು ನಾವು ಬಾಯಿಬಿಟ್ಟೊಡನೆ ಸಹಪಾಠಿಗಳು ನಗುತ್ತಿದ್ದರು. 1948ರವರೆಗೆ ನಿಜಾಮನ ಆಳ್ವಿಕೆಯಲ್ಲಿದ್ದ ಸೀಮೆ ನಮ್ಮದು, ಕಚೇರಿಯ ಉರ್ದು ಅಡುಗೆಮನೆಯವರೆಗೂ ಬಂದದ್ದು ಹೀಗೆ ಎಂದು ವಿವರಿಸುವ ಧೈರ್ಯ ನಮಗಿರಲಿಲ್ಲ. ನಾಲಗೆಯನ್ನೇ ತಿದ್ದಿಕೊಂಡೆವು. ಇಂದಿಗೂ ನಾವು ಪುಸ್ತಕದ ಕನ್ನಡದಲ್ಲಿ ಬರೆಯುತ್ತಿರುವುದು ಓದುಗರಿಗೆ ತಿಳಿದೇ ಇದೆ.

ಪ್ರಾಣೇಶರ ಕಂಠದಲ್ಲಿ ಅದೇ ಮಾತು ಬೇರೆಯಾಗಿ ಕೇಳಿತು. ಅವರ ಹಾಸ್ಯದಲ್ಲಿ ಆ ಭಾಷೆ ನಗೆಪಾಟಲಿನ ವಸ್ತುವಲ್ಲ. ಲೋಕವನ್ನು ನೋಡಿ ನಗುವ ಬುದ್ಧಿವಂತನ ಮಾತು ಅದು. ಗಂಡ-ಹೆಂಡತಿ, ಮಾಸ್ತರರು, ಸರ್ಕಾರಿ ನೌಕರರು, ಎಲ್ಲರೂ ಆ ನುಡಿಯಲ್ಲಿ ತೂಗಿಸಿಕೊಳ್ಳುತ್ತಾರೆ. ಇಲ್ಲಿ ಹೃದಯ ಮರಗಟ್ಟುವುದಿಲ್ಲ. ಬರ್ಗ್‌ಸನ್ ಮಹಾಶಯರು ನಮ್ಮ ಟೆಂಪೋದಲ್ಲಿ ಒಮ್ಮೆ ಪ್ರಯಾಣಿಸಬೇಕಿತ್ತು!

ಆದರೆ ಅವರ ನಂತರ ಕಿರುತೆರೆಯ ಹಾಸ್ಯ ಹಿಡಿದ ದಾರಿ ನಮಗೆ ಸಮಾಧಾನ ತಂದಿಲ್ಲ. ಉತ್ತರ ಕರ್ನಾಟಕದ ಪಾತ್ರವೊಂದು ಬಂದು ‘ಯಾಕಲೇ’ ಎಂದರೆ ಸಾಕು, ವಿನೋದ ಇರಲಿ ಬಿಡಲಿ, ಚಪ್ಪಾಳೆ ಬೀಳುತ್ತದೆ. ಪ್ರಾಣೇಶರು ಗಳಿಸಿಕೊಟ್ಟ ಮರ್ಯಾದೆಯನ್ನು ಅವರ ಅನುಕರಣಕಾರರು ಖರ್ಚು ಮಾಡುತ್ತಿದ್ದಾರೆ ಎಂದೇ ನಮ್ಮ ಅಭಿಪ್ರಾಯ.

ಈಚೆಗೆ ತಾವರಗೇರಾದ ಮಕ್ಕಳು ಆಡಿದ ಕಿರುನಾಟಕ ನೋಡಿದೆವು. ಜವಾನನಾದ ಹುಡುಗ ನಮ್ಮೂರ ಮಾತಾಡಿದ. ನ್ಯಾಯಾಧೀಶನಾದವನು ಬೆಂಗಳೂರಿನ ಮಾತಾಡಿದ. ಇಬ್ಬರೂ ಒಂದೇ ಓಣಿಯವರು. ಹೀಗೇಕೆಂದು ನ್ಯಾಯಾಧೀಶನನ್ನೇ ಕೇಳಿದೆವು.

“ಜಡ್ಜ್ ನಮ್ಮಂಗ ಮಾತಾಡಿದ್ರ ಮಂದಿ ನಗ್ತಾರ್ರಿ, ಫಾದರ್” ಎಂದ.