ಜರ್ಮನಿಗೆ ಭಾಷೆ ಕಲಿಯಹೋಗುವವರಿಗೆ

ಪರಭಾಷೆಯನ್ನು ಚೆನ್ನಾಗಿ ಕಲಿಯಬೇಕಾದರೆ ಅದನ್ನಾಡುವ ಜನರ ನಡುವೆ ನೆಲಸಬೇಕೆಂಬುದು ನಮ್ಮ ಜಿಲ್ಲೆಯವರಿಗೆ ಹೊಸ ಮಾತಲ್ಲ. 1836ರಲ್ಲಿ ಜರ್ಮನಿಯಿಂದ ಮಂಗಳೂರಿಗೆ ಬಂದ ಹರ್ಮನ್ ಮೊಗ್ಲಿಂಗರು ಇಲ್ಲಿಯೇ ಕನ್ನಡವನ್ನು ಕಲಿತು 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು. 1853ರಲ್ಲಿ ಬಂದ ಕಿಟ್ಟೆಲರ ಕನ್ನಡ ನಿಘಂಟು 1894ರಲ್ಲಿ ಅಚ್ಚಾಯಿತು. ಈಗ ದಾರಿ ತಿರುಗಿದೆ. ನಾರಾವಿಯಂತಹ ಊರುಗಳ ಮನೆಗಳಲ್ಲಿಯೂ ಮಕ್ಕಳು ಜರ್ಮನಿಗೆ ಹೋಗಿ ಭಾಷೆ ಕಲಿಯುವ ಪ್ರಸ್ತಾಪ ಏಳುವುದುಂಟು. ಅಡಕೆಯ ತೋಟದ ಮೇಲೆ ಸಾಲವೆತ್ತುವ ಮುನ್ನ ಗೃಹಸ್ಥರು ತಿಳಿಯತಕ್ಕ ಕೆಲವು ಸಂಗತಿಗಳನ್ನು ಇಲ್ಲಿ ಹೇಳಬಯಸುವೆವು.

ಮೊದಲನೆಯದು, ಭಾಷಾಶಾಲೆಗೆ ಸೇರಿದ ಮಾತ್ರಕ್ಕೆ ವಿಶ್ವವಿದ್ಯಾಲಯದ ಬಾಗಿಲು ತೆರೆಯದು. ಭಾಷೆಯ ಕಲಿಕೆಗೆ ಎ1ರಿಂದ ಸಿ2ರವರೆಗೆ ಆರು ಮೆಟ್ಟಿಲುಗಳುಂಟು. ಜರ್ಮನ್ ಭಾಷೆಯಲ್ಲಿಯೇ ಪಾಠ ನಡೆಯುವೆಡೆ ಸಾಮಾನ್ಯವಾಗಿ ಐದನೆಯ ಮೆಟ್ಟಿಲಾದ ಸಿ1ನ್ನು ಅಪೇಕ್ಷಿಸುತ್ತಾರೆ. ಭಾಷಾಭ್ಯಾಸದ ವೀಸಾವಾದರೋ ಸಾಧಾರಣವಾಗಿ ಒಂದು ವರ್ಷಕ್ಕೆ ಮೀರದು. ಅಕ್ಷರಾಭ್ಯಾಸದಿಂದ ಆರಂಭಿಸಿ ಒಂದೇ ವರ್ಷದಲ್ಲಿ ಅಷ್ಟೆತ್ತರ ಏರುವುದು ಬಹು ಕಷ್ಟ. ಆದಕಾರಣ ಮೊದಲ ಮೂರು ಮೆಟ್ಟಿಲುಗಳನ್ನು ಇಲ್ಲಿಯೇ, ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಂತಹ ಸಂಸ್ಥೆಯಲ್ಲಿ, ಮುಗಿಸಿಕೊಂಡು ಹೋಗುವುದು ಜಾಣತನ. ವೆಚ್ಚವೂ ಕಡಮೆಯಾಗುವುದು; ಮಗುವಿಗೆ ಆ ಭಾಷೆ ಒಗ್ಗುವುದೋ ಇಲ್ಲವೋ ಎಂಬುದೂ ಮನೆಯಲ್ಲಿರುವಾಗಲೇ ತಿಳಿಯುವುದು.

ಎರಡನೆಯದು, ವೀಸಾ. ಮೂರು ತಿಂಗಳಿಗೆ ಮೀರಿದ ಶಿಕ್ಷಣಕ್ಕೆ ಪ್ರವಾಸಿಗರ ವೀಸಾ ಸಲ್ಲದು. ದೀರ್ಘಕಾಲದ ವೀಸಾಕ್ಕೆ ವಾರಕ್ಕೆ 18 ಗಂಟೆಗೆ ಕಡಮೆಯಿಲ್ಲದ ಪಾಠವಿರಬೇಕು. ಸಂಜೆಯ ತರಗತಿಗಳು ಈ ಲೆಕ್ಕಕ್ಕೆ ಬಾರವು. ನಮ್ಮ ರಾಜ್ಯದವರ ಅರ್ಜಿಗಳು ಬೆಂಗಳೂರಿನ ಜರ್ಮನ್ ಕಾನ್ಸುಲೇಟಿಗೆ ಸೇರತಕ್ಕವು.

ಮೂರನೆಯದು, ಹಣ. ಜೀವನವೆಚ್ಚದ ಮೊಬಲಗನ್ನು ಮುಂಗಡವಾಗಿ ತಡೆಹಿಡಿದ ಖಾತೆಯೊಂದರಲ್ಲಿಡಬೇಕು. 2024ರಲ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಇದನ್ನು ತಿಂಗಳಿಗೆ 992 ಯೂರೋ ಎಂದು ಗೊತ್ತುಮಾಡಿದರು. ಭಾಷೆ ಕಲಿಯುವವರಿಗೆ ಅದಕ್ಕಿಂತ ಸುಮಾರು ಹತ್ತರಲ್ಲೊಂದು ಪಾಲು ಹೆಚ್ಚು. ಈ ಮೊತ್ತವು ಆಗಾಗ ಏರುವುದರಿಂದ ಅರ್ಜಿ ಹಾಕುವಾಗ ಮತ್ತೊಮ್ಮೆ ವಿಚಾರಿಸಿಕೊಳ್ಳತಕ್ಕದ್ದು. ಇದು ಯಾರಿಗೂ ಕೊಡುವ ಶುಲ್ಕವಲ್ಲ. ವಿದ್ಯಾರ್ಥಿಯ ಸ್ವಂತ ಹಣ, ತಿಂಗಳು ತಿಂಗಳಿಗೆ ಅವನ ಕೈಸೇರುವುದು. ಶಾಲೆಯ ಶುಲ್ಕ, ವಿಮಾನದ ಖರ್ಚು, ಆರೋಗ್ಯವಿಮೆಗಳು ಬೇರೆ. ಇದನ್ನೇ ಶುಲ್ಕವೆಂದು ಹೇಳಿ ತನ್ನ ಕೈಗೆ ಕೊಡೆನ್ನುವ ಮಧ್ಯಸ್ಥನಿದ್ದರೆ ಅವನನ್ನು ನಂಬಲಾಗದು.

ಅಲ್ಲಿ ಇಳಿದು ಮನೆ ಹಿಡಿದ ಎರಡು ವಾರಗಳೊಳಗೆ ಊರಿನ ಕಚೇರಿಯಲ್ಲಿ ವಿಳಾಸವನ್ನು ನೋಂದಾಯಿಸಬೇಕು. ಭಾನುವಾರ ಹೆಚ್ಚಿನ ಅಂಗಡಿಗಳು ಮುಚ್ಚಿರುವುದರಿಂದ ಶನಿವಾರವೇ ಅಕ್ಕಿ ಬೇಳೆ ತಂದಿಟ್ಟುಕೊಳ್ಳಬೇಕು. ಅಪಾಯಕಾಲದಲ್ಲಿ ಕರೆಯತಕ್ಕ ಸಂಖ್ಯೆ 112. ಚಳಿಗಾಲದಲ್ಲಿ ಅವರ ಗಡಿಯಾರ ನಮ್ಮದಕ್ಕಿಂತ ನಾಲ್ಕೂವರೆ ಗಂಟೆ ಹಿಂದೆ. ಡಿಸೆಂಬರದಲ್ಲಿ ಬರ್ಲಿನ್ನಿನಲ್ಲಿ ಸಾಯಂಕಾಲ ನಾಲ್ಕಕ್ಕೇ ಕತ್ತಲಾಗುತ್ತದೆ. ಆ ಕತ್ತಲೆಯ ತಿಂಗಳುಗಳಲ್ಲಿ ಮನೆಯಿಂದ ಒಂದು ಮಾತು ಹೋದರೆ ಮಕ್ಕಳಿಗೆ ದೊಡ್ಡ ಬಲ.

ತಾಯಂದಿರಿಗೆ ಕಡೆಯದೊಂದು ಮಾತು. ಗಂಟಿನಲ್ಲಿ ತುಪ್ಪದ ಭರಣಿಯನ್ನಾಗಲಿ ಹಸಿ ಕರಿಬೇವನ್ನಾಗಲಿ ಇಡಬೇಡಿರಿ. ಹಾಲಿನ ಪದಾರ್ಥಗಳನ್ನು ಒಯ್ಯಲು ಯುರೋಪಿನ ಒಕ್ಕೂಟವು ಬಿಡುವುದಿಲ್ಲ. ಹಸಿ ಸೊಪ್ಪು ಹಣ್ಣುಗಳಿಗೆ ಸಸ್ಯಾರೋಗ್ಯದ ಪ್ರಮಾಣಪತ್ರ ಬೇಕು. ಆದರೆ ತೆಂಗಿನಕಾಯಿಗೂ ಬಾಳೆಹಣ್ಣಿಗೂ ಆ ಪತ್ರದಿಂದ ವಿನಾಯಿತಿಯುಂಟು. ನಮ್ಮ ತೋಟದ ಕಾಯಿಯೊಂದು ಮಕ್ಕಳ ಸಂಗಡ ಸುಖವಾಗಿ ಹೋಗಬಹುದು. ಕಾಯಿಯ ಸಂಗಡ ವಿವೇಕವನ್ನೂ ಕಟ್ಟಿ ಕಳುಹಬೇಕೆಂದು ನಮ್ಮ ಬಿನ್ನಹ.